ಅಕ್ಷರ ಸವೆದ ರೋಮನ್ ಕಂಚಿನ ನಾಣ್ಯ: ಹಿಂಬದಿಯ ಚಿತ್ರ ನೋಡಿ ಕಾಲ ಹೇಳುವುದು ಹೇಗೆ?

ಪ್ರಶ್ನೆ: ನಾವು ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇವೆ. ಹಳೇ ನಾಣ್ಯಗಳ ವ್ಯಾಪಾರಿಯೊಬ್ಬರ ಹತ್ತಿರ ಮಗಳಿಗೆಂದು ರೋಮನ್ ಕಂಚಿನ ಸಣ್ಣ ನಾಣ್ಯಗಳ ಒಂದು ಪೊಟ್ಟಣ ಕೊಂಡೆವು. ಎಲ್ಲವೂ 12ರಿಂದ 20 ಮಿ.ಮೀ. ಅಗಲದವು. ಒಂದರಲ್ಲಿ ತೋಳದ ಹಾಲು ಕುಡಿಯುವ ಇಬ್ಬರು ಮಕ್ಕಳು, ಕೆಲವದರಲ್ಲಿ ಎದುರುಬದುರು ನಿಂತ ಸೈನಿಕರು, ಒಂದರಲ್ಲಿ ಕೋಟೆ ಬಾಗಿಲು, ಎರಡರಲ್ಲಿ ಕುದುರೆಯಿಂದ ಬೀಳುತ್ತಿರುವವನು. ಹೆಸರಿನ ಅಕ್ಷರಗಳು ಅರ್ಧಕ್ಕರ್ಧ ಸವೆದಿವೆ. ಯಾವ ಕಾಲದವು, ಚಿತ್ರಗಳಿಗೆ ಏನರ್ಥ? ಒಂದರ ಮೇಲೆ ತಿಳಿಹಸಿರು ಪುಡಿ ಕಾಣುತ್ತಿದೆ, ಹುಣಸೆಹಣ್ಣು ಹಾಕಿ ತಿಕ್ಕಬಹುದೇ? ನಮ್ಮ ಕರ್ನಾಟಕದಲ್ಲಿ ಸಿಕ್ಕಿರುವ ರೋಮನ್ ನಾಣ್ಯಗಳೂ ಇಂಥವೇನಾ?

ಉತ್ತರ: ಹುಣಸೆಹಣ್ಣು ಬೇಡವೇ ಬೇಡ. ನಿಂಬೆರಸ, ವಿನೆಗರ್, ತಾಮ್ರ ಬೆಳಗುವ ಪುಡಿ ಯಾವುದೂ ಬೇಡ. ಕಾರಣವನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಆದರೆ ಹಸಿರು ಪುಡಿ ಬಿದ್ದಿರುವ ನಾಣ್ಯವನ್ನು ಇವತ್ತೇ ಉಳಿದವುಗಳಿಂದ ಬೇರೆ ಮಾಡಿ, ಒಣ ಡಬ್ಬಿಯಲ್ಲಿ ಇಡಿ.

ನೀವು ಕೊಟ್ಟ ನಾಲ್ಕು ಚಿತ್ರಗಳೂ ಕ್ರಿ.ಶ. 4ನೇ ಶತಮಾನದವು. ಹೆಚ್ಚೂಕಡಿಮೆ 324ರಿಂದ 361ರ ನಡುವಿನವು, ಅಂದರೆ ಮಹಾ ಕಾನ್‌ಸ್ಟಂಟೈನ್ ಮತ್ತು ಅವನ ಮಕ್ಕಳ ಕಾಲ. ಅಕ್ಷರ ಸವೆದಿದ್ದರೂ ಇಷ್ಟು ಖಚಿತವಾಗಿ ಹೇಳಲು ಕಾರಣ ಆ ಕಾಲದ ಆಡಳಿತ ಕ್ರಮ. ಆಗ ಸಾಮ್ರಾಜ್ಯದ ಹತ್ತಾರು ಟಂಕಸಾಲೆಗಳು ಹೆಚ್ಚಾಗಿ ಒಂದೇ ಅವಧಿಯಲ್ಲಿ ಒಂದೇ ಚಿತ್ರವನ್ನು ಅಚ್ಚು ಹಾಕುತ್ತಿದ್ದವು. ಕೆಲವು ವರ್ಷಗಳ ನಂತರ ಆ ಚಿತ್ರ ನಿಂತು ಇನ್ನೊಂದು ಬರುತ್ತಿತ್ತು. ಹೊಸಬರು ಮೊದಲು ಮುಂಬದಿಯ ಮುಖ ನೋಡಿ ಚಕ್ರವರ್ತಿಯ ಹೆಸರು ಹುಡುಕಲು ಹೋಗುತ್ತಾರೆ, ಅಲ್ಲೇ ಸಿಕ್ಕಿಬೀಳುತ್ತಾರೆ. ಈ ಕಾಲದ ಮುಖಗಳು ಒಬ್ಬರಂತೆ ಇನ್ನೊಬ್ಬರು. ಹೆಸರುಗಳೋ ಕಾನ್‌ಸ್ಟಂಟೈನಸ್, ಕಾನ್‌ಸ್ಟಂಟಿಯಸ್, ಕಾನ್‌ಸ್ಟನ್ಸ್. ಅರ್ಧ ಸವೆದರೆ ಮೂರೂ ಒಂದೇ ಥರ ಕಾಣುತ್ತವೆ. ಹಾಗಾಗಿ ಮೊದಲು ಹಿಂಬದಿಯ ಚಿತ್ರ, ಆಮೇಲೆ ಚಿತ್ರದ ಕೆಳಗಿನ ಟಂಕಸಾಲೆ ಗುರುತು, ಕೊನೆಗೆ ಹೆಸರು. ಈ ಕ್ರಮ ಬಿಡಬೇಡಿ.

ಶುರು ಮಾಡುವ ಮುಂಚೆ ಪ್ರತಿ ನಾಣ್ಯದ ತೂಕ ಮತ್ತು ಅಗಲ ಬರೆದಿಡಿ. 0.01 ಗ್ರಾಂವರೆಗೆ ತೋರಿಸುವ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ಮತ್ತು ಪ್ಲಾಸ್ಟಿಕ್ ಕ್ಯಾಲಿಪರ್ ಸಾಕು. ಟೇಬಲ್ ಲ್ಯಾಂಪನ್ನು ಪಕ್ಕದಿಂದ, ತೀರಾ ತಗ್ಗಿನಲ್ಲಿ ಹಿಡಿದು ನಾಣ್ಯವನ್ನು ನಿಧಾನವಾಗಿ ತಿರುಗಿಸಿ. ಮೇಲಿನಿಂದ ನೇರ ಬೆಳಕು ಬಿದ್ದಾಗ ಕಾಣದ ಅಕ್ಷರಗಳು ಪಕ್ಕದ ಬೆಳಕಿನ ನೆರಳಲ್ಲಿ ಎದ್ದು ಕಾಣುತ್ತವೆ. 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಇದ್ದರೆ ಒಳ್ಳೆಯದು.

ನಾಲ್ಕರಲ್ಲಿ ಕಾಲದಿಂದ ಹಿರಿಯದು ಕೋಟೆ ಬಾಗಿಲಿನದು. ಸಾಲು ಸಾಲು ಕಲ್ಲು, ಮೇಲೆ ಎರಡು ಪುಟ್ಟ ಗೋಪುರ, ಅವುಗಳ ನಡುವೆ ಒಂದು ನಕ್ಷತ್ರ. ಸುತ್ತ ‘ಪ್ರಾವಿಡೆಂಟಿಯೆ ಆಗ್’ ಅಥವಾ ‘ಪ್ರಾವಿಡೆಂಟಿಯೆ ಸೀಸ್’ ಎಂದಿರುತ್ತದೆ. ಚಕ್ರವರ್ತಿಗಳ ಅಥವಾ ಯುವರಾಜರ ಮುಂದಾಲೋಚನೆ ಎಂಬುದು ಅದರ ತಾತ್ಪರ್ಯ. ಇದು 324ರಿಂದ 330ರವರೆಗೆ ನಡೆದ ಚಿತ್ರ. ಇದನ್ನು ಸೇನಾ ಶಿಬಿರದ ಬಾಗಿಲು ಎಂದು ಕರೆಯುವುದು ರೂಢಿ. ಗಡಿಯ ಕಾವಲು ಗೋಪುರ ಎನ್ನುವವರೂ, ಊರ ಹೆಬ್ಬಾಗಿಲು ಎನ್ನುವವರೂ ಇದ್ದಾರೆ. ಯಾವುದೇ ಇರಲಿ, ಗಡಿ ಭದ್ರವಾಗಿದೆ, ಒಳಗಿರುವವರು ನಿಶ್ಚಿಂತೆಯಿಂದ ಇರಿ ಎನ್ನುವುದೇ ಅದರ ಸಂದೇಶ. ಮುಂಬದಿಯಲ್ಲಿ ಕ್ರಿಸ್ಪಸ್ ಎಂಬ ಹೆಸರು ಸಿಕ್ಕರೆ ಕಾಲ ಇನ್ನೂ ಬಿಗಿಯಾಗುತ್ತದೆ. ಕಾನ್‌ಸ್ಟಂಟೈನ್ ತನ್ನ ಈ ಹಿರಿಮಗನನ್ನು 326ರಲ್ಲಿ ಕೊಲ್ಲಿಸಿದ, ಅಲ್ಲಿಂದಾಚೆಗೆ ಅವನ ಹೆಸರಿನ ನಾಣ್ಯವಿಲ್ಲ.

ತೋಳದ ನಾಣ್ಯದಲ್ಲಿ ಚಕ್ರವರ್ತಿಯನ್ನು ಹುಡುಕಬೇಡಿ, ಅವನು ಅಲ್ಲಿಲ್ಲ. ಮುಂಬದಿಯಲ್ಲಿ ಶಿರಸ್ತ್ರಾಣ ತೊಟ್ಟ ಹೆಣ್ಣಿನ ಮುಖವಿದೆ. ಅವಳು ರೋಮ್ ನಗರದ ದೇವತೆ, ಸುತ್ತ ‘ಉರ್ಬ್ಸ್ ರೋಮಾ’ ಎಂದು ಬರೆದಿದೆ. ಹಿಂಬದಿಯಲ್ಲಿ ತೋಳ ಎಡಕ್ಕೆ ಮುಖಮಾಡಿ ನಿಂತು, ಕತ್ತು ಹಿಂದಕ್ಕೆ ತಿರುಗಿಸಿ ಮಕ್ಕಳನ್ನು ನೋಡುತ್ತಿದೆ. ರೋಮ್ ಕಟ್ಟಿದರೆಂಬ ಕಥೆಯ ರೊಮುಲಸ್ ಮತ್ತು ರೆಮಸ್ ಆ ಮಕ್ಕಳು. ಮೇಲೆ ಎರಡು ನಕ್ಷತ್ರ, ಕೆಳಗೆ ಟಂಕಸಾಲೆ ಗುರುತು, ಸುತ್ತ ಬರಹವೇ ಇಲ್ಲ. 330ರ ಮೇ 11ರಂದು ಕಾನ್‌ಸ್ಟಂಟಿನೋಪಲ್ ಹೊಸ ರಾಜಧಾನಿಯಾಗಿ ಉದ್ಘಾಟನೆಯಾಯಿತು. ಆ ಹೊತ್ತಿಗೆ ಹೊರಟ ಜೋಡಿ ನಾಣ್ಯಗಳಲ್ಲಿ ಇದೊಂದು. ಇದರ ಜೊತೆಗಾರನಲ್ಲಿ ಹೊಸ ರಾಜಧಾನಿಯ ದೇವತೆಯ ಮುಖ, ಹಿಂಬದಿಯಲ್ಲಿ ಹಡಗಿನ ಮೂತಿಯ ಮೇಲೆ ಕಾಲಿಟ್ಟ ರೆಕ್ಕೆಯ ವಿಜಯದೇವತೆ. ನಿಮ್ಮ ಪೊಟ್ಟಣದಲ್ಲಿ ಅದೂ ಇರಬಹುದು, ಹುಡುಕಿ ನೋಡಿ. ಕ್ರೈಸ್ತ ಧರ್ಮಕ್ಕೆ ಒಲಿದ ಚಕ್ರವರ್ತಿ, ರೋಮಿನಿಂದ ದೂರ ಹೊಸ ರಾಜಧಾನಿ ಕಟ್ಟಿದವನು, ಅದೇ ಹೊತ್ತಿಗೆ ಹಳೆಯ ರೋಮಿನ ತೋಳವನ್ನು ಊರೂರಿಗೆ ಹಂಚಿದ. ಹಳಬರನ್ನು ಕಳೆದುಕೊಳ್ಳದೆ ಹೊಸತನ್ನು ನೆಲೆಗೊಳಿಸುವ ಈ ಎಚ್ಚರ ಆ ಕಾಲದ ಎಷ್ಟೋ ಶಾಸನಗಳಿಗಿಂತ ಈ ಎರಡೂವರೆ ಗ್ರಾಂ ಕಂಚಿನಲ್ಲಿ ಚೆನ್ನಾಗಿ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ. 310ರ ದಶಕದಲ್ಲಿ ಅವನ ನಾಣ್ಯಗಳ ಮೇಲೆ ತುಂಬಿಕೊಂಡಿದ್ದವನು ಸೂರ್ಯದೇವ, ಬಲಗೈ ಎತ್ತಿ ಎಡಗೈಯಲ್ಲಿ ಗೋಳ ಹಿಡಿದು ನಿಂತವನು. ಅವನು ಮರೆಯಾದ ಮೇಲೆ ಶಿಲುಬೆ ಬಂದು ತುಂಬಿಕೊಳ್ಳಲಿಲ್ಲ. ಬಾಗಿಲು, ಸೈನಿಕ, ತೋಳ, ಹೀಗೆ ಯಾರಿಗೂ ನೋವಾಗದ ಚಿತ್ರಗಳು ಬಂದವು.

ಇನ್ನು ಇಬ್ಬರು ಸೈನಿಕರು. ನಾಲ್ಕರಲ್ಲಿ ಅತ್ಯಂತ ಸಾಮಾನ್ಯವಾದದ್ದು ಇದು, ಆದರೆ ಕಾಲನಿರ್ಣಯ ಕಲಿಯಲು ಇದಕ್ಕಿಂತ ಒಳ್ಳೆಯ ನಾಣ್ಯವಿಲ್ಲ. ಬರಹ ‘ಗ್ಲೋರಿಯಾ ಎಕ್ಸರ್ಸಿಟಸ್’, ಸೇನೆಯ ಕೀರ್ತಿ. ಇಬ್ಬರೂ ಒಂದು ಕೈಯಲ್ಲಿ ಈಟಿ ಹಿಡಿದು, ಇನ್ನೊಂದನ್ನು ಗುರಾಣಿಯ ಮೇಲೆ ಊರಿ ನಿಂತಿದ್ದಾರೆ. ನಡುವಿನ ಧ್ವಜದಂಡಗಳನ್ನು ಎಣಿಸಿ. ಎರಡಿದ್ದರೆ 330ರಿಂದ 335ರದ್ದು, ತೂಕ ಸುಮಾರು 2.5 ಗ್ರಾಂ, ಅಗಲ 17–18 ಮಿ.ಮೀ. ಒಂದೇ ಇದ್ದರೆ 335ರ ಆಸುಪಾಸಿನಿಂದ ಮುಂದಿನದು, ತೂಕ 1.7 ಗ್ರಾಂ ಹತ್ತಿರ, ಅಗಲ 15–16 ಮಿ.ಮೀ. ಸರ್ಕಾರ ನಾಣ್ಯದ ತೂಕ ಇಳಿಸಿದಾಗ ತಟ್ಟೆ ಚಿಕ್ಕದಾಯಿತು, ಎರಡು ಧ್ವಜಕ್ಕೆ ಜಾಗ ಸಾಲಲಿಲ್ಲ. ಹಳೆಯ ತೂಕದ್ದು ಯಾವುದು, ಹೊಸದು ಯಾವುದು ಎಂದು ಜನರಿಗೂ ಕಣ್ಣಳತೆಯಲ್ಲೇ ತಿಳಿಯುತ್ತಿತ್ತು.

ಇಲ್ಲಿಂದ ಮುಂದೆ ಮುಂಬದಿಯ ತಲೆಯ ಅಲಂಕಾರ ನೋಡಿ. ಈ ಸರಣಿಯಲ್ಲಿ ಎಲೆಗಳ ಮಾಲೆ ತೊಟ್ಟವನು ಸಾಮಾನ್ಯವಾಗಿ ಸೀಸರ್, ಅಂದರೆ ಯುವರಾಜ. ಮಣಿ ಅಥವಾ ಹೂವಿನಾಕಾರದ ಕಲ್ಲು ಪೋಣಿಸಿದ ಪಟ್ಟಿ ಕಟ್ಟಿದವನು ಆಗಸ್ಟಸ್, ಅಂದರೆ ಚಕ್ರವರ್ತಿ. ಪಟ್ಟಿಯ ಎರಡು ತುದಿಗಳು ಕತ್ತಿನ ಹಿಂದೆ ಇಳಿಬಿದ್ದಿರುತ್ತವೆ. ಬರಹದಲ್ಲಿ ಕೊನೆಯ ಅಕ್ಷರಗಳು ಉಳಿದಿದ್ದರೆ ಇನ್ನೂ ಸುಲಭ. ‘ನೋಬ್ ಸಿ’ ಎಂದಿದ್ದರೆ ಯುವರಾಜ, ‘ಆಗ್’ ಎಂದಿದ್ದರೆ ಚಕ್ರವರ್ತಿ. ‘ಮ್ಯಾಕ್ಸ್ ಆಗ್’ ಎಂದಿದ್ದರೆ ಮಹಾ ಕಾನ್‌ಸ್ಟಂಟೈನ್, ‘ಐಯುಎನ್ ನೋಬ್ ಸಿ’ ಎಂದಿದ್ದರೆ ಅದೇ ಹೆಸರಿನ ಮಗ ಇಮ್ಮಡಿ ಕಾನ್‌ಸ್ಟಂಟೈನ್. ರೋಮನ್ನರು ‘ಯು’ ಸ್ವರಕ್ಕೂ ಇಂಗ್ಲಿಷಿನ ‘ವಿ’ ಆಕಾರವನ್ನೇ ಕೆತ್ತುತ್ತಿದ್ದರು ಎಂಬುದು ನೆನಪಿರಲಿ.

ಈಗ ಲೆಕ್ಕ ಹಾಕಿ ನೋಡಿ. ಮಹಾ ಕಾನ್‌ಸ್ಟಂಟೈನನ ಕಿರಿಮಗ ಕಾನ್‌ಸ್ಟನ್ಸ್ ಯುವರಾಜನಾದದ್ದು 333ರಲ್ಲಿ. ಅವನ ಹೆಸರಿನ, ಎರಡು ಧ್ವಜದ ನಾಣ್ಯ ಸಿಕ್ಕರೆ ಅದು 333ರಿಂದ 335ರ ಒಳಗಿನದೇ ಆಗಬೇಕು. ಅವನ ದಾಯಾದಿ ಡೆಲ್ಮೇಶಿಯಸ್‌ನ ಹೆಸರಿದ್ದರೆ 335ರಿಂದ 337, ಏಕೆಂದರೆ ಅವನ ಯುವರಾಜ ಪದವಿ ಇದ್ದದ್ದೇ ಅಷ್ಟು ಕಾಲ. ಕಾನ್‌ಸ್ಟಂಟೈನ್ 337ರ ಮೇ 22ರಂದು ಸತ್ತ. ಮೂವರು ಮಕ್ಕಳು, ಅಂದರೆ ಇಮ್ಮಡಿ ಕಾನ್‌ಸ್ಟಂಟೈನ್, ಇಮ್ಮಡಿ ಕಾನ್‌ಸ್ಟಂಟಿಯಸ್ ಮತ್ತು ಕಾನ್‌ಸ್ಟನ್ಸ್, ಸೆಪ್ಟೆಂಬರ್ 9ರಂದು ಚಕ್ರವರ್ತಿ ಪದವಿಗೇರಿದರು. ಹಾಗಾಗಿ ಒಂದು ಧ್ವಜ, ತಲೆಗೆ ಪಟ್ಟಿ, ಹೆಸರು ಕಾನ್‌ಸ್ಟಂಟಿಯಸ್, ಕೊನೆಗೆ ‘ಆಗ್’ ಎಂದಿದ್ದರೆ ಆ ನಾಣ್ಯ 337ರ ಸೆಪ್ಟೆಂಬರಿನ ಆಚೆಯದು. ಹೆಬ್ಬೆರಳ ಉಗುರಿನಷ್ಟಿರುವ ತುಂಡಿನಲ್ಲಿ ಎರಡು ಮೂರು ವರ್ಷದ ಅಂತರಕ್ಕೆ ಕಾಲ ಹೇಳಲು ಸಾಧ್ಯವಾಗುವುದು ಹೀಗೆ. ಮಗಳ ಜೊತೆ ಕೂತು ಮಾಡಲು ಇದೇ ಒಳ್ಳೆಯ ಕೆಲಸ.

ಧ್ವಜದ ಬಟ್ಟೆಯ ಮೇಲೆ ಚುಕ್ಕಿಯೋ ಅಡ್ಡಗೆರೆಯೋ ಇರುತ್ತದೆ. ಫ್ರಾನ್ಸಿನ ಆರ್ಲ್ ಟಂಕಸಾಲೆಯ ಕೆಲವು ನಾಣ್ಯಗಳಲ್ಲಿ ಅಲ್ಲಿ ಕ್ರಿಸ್ತನ ಹೆಸರಿನ ಗ್ರೀಕ್ ಮೊದಲಕ್ಷರಗಳ ಕೂಡುಗುರುತು ಇದೆ. ಎಕ್ಸ್ ಆಕಾರದ ನಡುವೆ ಪಿ ಆಕಾರ ನಿಂತಂತೆ ಕಾಣುತ್ತದೆ. ಅದಿದ್ದರೆ ಬೇರೆ ಎತ್ತಿಡಿ.

ಕುದುರೆಯಿಂದ ಬೀಳುವವನ ನಾಣ್ಯ 348ರಲ್ಲಿ ಶುರುವಾದ ಹೊಸ ಸರಣಿಯದು. ಬರಹ ‘ಫೆಲ್ ಟೆಂಪ್ ರೆಪರಾಶಿಯೋ’. ಸುಖದ ದಿನಗಳು ಮರಳಿದವು ಎಂಬ ಘೋಷಣೆ ಅದು. ರೋಮ್ ಸ್ಥಾಪನೆಯಾಗಿ 1100 ವರ್ಷ ತುಂಬಿದ ಲೆಕ್ಕಕ್ಕೂ ಈ ಸರಣಿಗೂ ಸಂಬಂಧ ಕಲ್ಪಿಸುವುದುಂಟು. ಸರಣಿಯಲ್ಲಿ ಹಡಗಿನ ಮೇಲೆ ನಿಂತ ಚಕ್ರವರ್ತಿ, ಗುಡಿಸಲಿನಿಂದ ಹುಡುಗನನ್ನು ಕೈಹಿಡಿದು ಕರೆತರುವ ಸೈನಿಕ, ಫೀನಿಕ್ಸ್ ಹಕ್ಕಿ ಹೀಗೆ ಬೇರೆ ಚಿತ್ರಗಳೂ ಇದ್ದವು. ಕೊನೆಗೆ ಎಲ್ಲ ಕಡೆ ಗೆದ್ದು ಉಳಿದದ್ದು ಕುದುರೆಯದೇ. ಎಡಗಡೆ ದೊಡ್ಡದಾಗಿ ರೋಮನ್ ಸೈನಿಕ, ಕೈಯಲ್ಲಿ ಗುರಾಣಿ, ಇನ್ನೊಂದು ಕೈಯ ಈಟಿ ಕೆಳಮುಖ. ಬಲಗಡೆ ಮುಂಗಾಲು ಮಡಿಸಿ ಕುಸಿಯುತ್ತಿರುವ ಕುದುರೆ, ಅದರ ಮೇಲಿನ ಸವಾರ. ಸವಾರನ ಭಂಗಿಯನ್ನು ಸರಿಯಾಗಿ ನೋಡಿ. ಒಮ್ಮೆ ಕುದುರೆಯ ಕತ್ತನ್ನು ತಬ್ಬಿರುತ್ತಾನೆ, ಒಮ್ಮೆ ಹಿಂದಕ್ಕೆ ತಿರುಗಿ ಕೈಚಾಚಿ ಬೇಡುತ್ತಿರುತ್ತಾನೆ, ಒಮ್ಮೆ ಮಂಡಿಯೂರಿರುತ್ತಾನೆ, ಒಮ್ಮೆ ನೆಲದ ಮೇಲೆ ಕೂತಿರುತ್ತಾನೆ. ಗಡ್ಡ, ಚೂಪು ಟೋಪಿ ಇದ್ದರೆ ಪರ್ಷಿಯನ್ನನ ಹೋಲಿಕೆ ಬರುತ್ತದೆ. ಆಗ ಇಮ್ಮಡಿ ಕಾನ್‌ಸ್ಟಂಟಿಯಸ್ ಪೂರ್ವದಲ್ಲಿ ಪರ್ಷಿಯಾದ ಇಮ್ಮಡಿ ಶಾಪುರನೊಡನೆ ಕಾದಾಡುತ್ತಿದ್ದ. ಆದರೆ ತಲೆಯುಡುಗೆ ಎಲ್ಲ ಟಂಕಸಾಲೆಗಳಲ್ಲೂ ಒಂದೇ ಥರ ಇಲ್ಲ, ಹಾಗಾಗಿ ಪ್ರತಿ ಸವಾರನನ್ನೂ ಪರ್ಷಿಯನ್ನನೆಂದು ಬರೆದಿಡಬೇಡಿ. ಆರಂಭದ ನಾಣ್ಯಗಳು 20 ಮಿ.ಮೀ. ದಾಟುತ್ತವೆ, 4.5 ಗ್ರಾಂ ಮೇಲಿರುತ್ತವೆ. 350ರ ದಶಕದ ನಡುವಿಗೆ ಬರುವಷ್ಟರಲ್ಲಿ 17–18 ಮಿ.ಮೀ., 2.5 ಗ್ರಾಂ ಆಸುಪಾಸಿಗೆ ಇಳಿದಿವೆ. ಮುಂಬದಿಯ ತಲೆಗೆ ಮಾಲೆಯೂ ಇಲ್ಲ ಪಟ್ಟಿಯೂ ಇಲ್ಲದಿದ್ದರೆ ಅವನು ಯುವರಾಜ. ಗ್ಯಾಲಸ್ (351–354) ಇರಬಹುದು, ಅಥವಾ 355ರಲ್ಲಿ ಯುವರಾಜನಾದ ಜೂಲಿಯನ್ ಇರಬಹುದು.

ನಿಮ್ಮಲ್ಲಿರುವ 12 ಮಿ.ಮೀ. ಗಾತ್ರದ್ದರಲ್ಲಿ ಕುದುರೆಯ ಚಿತ್ರವಿದ್ದರೆ ಅದು ಅಧಿಕೃತ ನಾಣ್ಯ ಅಲ್ಲದಿರುವ ಸಾಧ್ಯತೆ ಹೆಚ್ಚು. 340ರ ದಶಕದಲ್ಲಿ ಸೈನಿಕರ ನಾಣ್ಯಕ್ಕೂ, 353ರ ನಂತರ ಕುದುರೆಯ ನಾಣ್ಯಕ್ಕೂ ಬ್ರಿಟನ್ ಮತ್ತು ಗಾಲ್ (ಇಂದಿನ ಫ್ರಾನ್ಸ್ ಸುತ್ತಮುತ್ತ) ಪ್ರದೇಶಗಳಲ್ಲಿ ಸ್ಥಳೀಯವಾಗಿ ನಕಲು ಹುಟ್ಟಿದವು. ಸಂತೆಗೆ ಚಿಲ್ಲರೆ ಸಾಲದೆ ಬಂದಾಗ ಜನ ತಾವೇ ಅಚ್ಚು ಹಾಕಿಕೊಂಡರು. ಇವುಗಳಲ್ಲಿ ಕುದುರೆ ನಾಲ್ಕು ಗೆರೆಯಾಗಿರುತ್ತದೆ, ಸವಾರ ಕಡ್ಡಿಯ ಮನುಷ್ಯನಾಗಿರುತ್ತಾನೆ, ಅಕ್ಷರದ ಜಾಗದಲ್ಲಿ ಬರೀ ಕಂಬಗಳ ಸಾಲು ಇರುತ್ತದೆ. ಇವು ಇವತ್ತಿನ ಖೋಟಾ ಮಾಲಲ್ಲ. ಅವೂ 1,600 ವರ್ಷಕ್ಕಿಂತ ಹಳೆಯವು, ಬ್ರಿಟನ್ನಿನ ಸಾಮಾನ್ಯರ ಕೈಯಲ್ಲಿ ಓಡಾಡಿದವು. ಕೆಲವರು ಇವನ್ನು ಕಸವೆಂದು ಎಸೆಯುತ್ತಾರೆ, ನೀವು ಎಸೆಯಬೇಡಿ. ಇವತ್ತಿನ ಖೋಟಾ ಬೇರೆ. ಅಂಚಿನ ಸುತ್ತ ಎರಕದ ಕೂಡುಗೆರೆ, ಮೈಮೇಲೆ ಸೂಜಿಮೊನೆಯಷ್ಟು ಗುಳ್ಳೆಗುಂಡಿಗಳು, ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಥರದ ಬಿರುಕು ಕಂಡರೆ ಅನುಮಾನಪಡಿ.

ಚಿತ್ರದ ಕೆಳಗೆ ಅಡ್ಡಗೆರೆ ಇದೆ, ಅದರ ಕೆಳಗಿನ ಅಕ್ಷರಗಳೇ ಟಂಕಸಾಲೆಯ ಗುರುತು. ‘ಟಿ ಆರ್ ಪಿ’, ‘ಟಿ ಆರ್ ಎಸ್’ ಇದ್ದರೆ ಜರ್ಮನಿಯ ಟ್ರಿಯರ್. ‘ಪಿ ಎಲ್ ಜಿ’ ಫ್ರಾನ್ಸಿನ ಲಿಯಾನ್. ಮೊದಲ ಅಥವಾ ಕೊನೆಯ ಪಿ, ಎಸ್ ಅಂದರೆ ಆ ಟಂಕಸಾಲೆಯೊಳಗಿನ ಒಂದನೇ, ಎರಡನೇ ಕಾರ್ಯಾಗಾರ. ‘ಸಿಸ್’ ಇದ್ದರೆ ಇಂದಿನ ಕ್ರೊಯೇಶಿಯಾದ ಸಿಸಾಕ್, ‘ಎಸ್ ಎಂ’ ನಂತರ ಕೆ ಬಂದರೆ ಸಿಜಿಕಸ್, ‘ಎ ಎನ್ ಟಿ’ ಬಂದರೆ ಆಂಟಿಯೋಕ್, ಎರಡೂ ಇಂದಿನ ಟರ್ಕಿಯಲ್ಲಿವೆ. ಎಲ್ಲರೂ ಎಡವುವುದು ‘ಕಾನ್ಸ್’ ಎಂಬಲ್ಲಿ. 328ರಲ್ಲಿ ಆರ್ಲ್ ಪಟ್ಟಣಕ್ಕೆ ಕಾನ್‌ಸ್ಟಂಟಿನಾ ಎಂದು ಮರುನಾಮಕರಣವಾಯಿತು. ಆದ್ದರಿಂದ ಅಲ್ಲಿನ ನಾಣ್ಯದಲ್ಲೂ ‘ಕಾನ್ಸ್ಟ್’ ಎಂದಿರುತ್ತದೆ. ಪಿ ಅಥವಾ ಎಸ್ ಮುಂದೆ ಬಂದು ಕೊನೆಗೆ ಟಿ ಇದ್ದರೆ ಆರ್ಲ್. ‘ಕಾನ್ಸ್’ ಮೊದಲು ಬಂದು ಅದರ ಹಿಂದೆ ಒಂದು ಗ್ರೀಕ್ ಅಕ್ಷರ ಇದ್ದರೆ ಕಾನ್‌ಸ್ಟಂಟಿನೋಪಲ್.

ಇದರಿಂದ ಇನ್ನೊಂದು ವಿಷಯ ತಿಳಿಯುತ್ತದೆ. ಲಂಡನ್ ಟಂಕಸಾಲೆ 325ರ ಸುಮಾರಿಗೆ ಮುಚ್ಚಿತು. ಆಮೇಲೆ ಬ್ರಿಟನ್ನಿಗೆ ಬಂದ ಕಂಚು ಹೆಚ್ಚಾಗಿ ಟ್ರಿಯರ್, ಲಿಯಾನ್, ಆರ್ಲ್‌ನದು. ನಿಮ್ಮ ಪೊಟ್ಟಣದಲ್ಲಿ ಸಿಜಿಕಸ್, ಆಂಟಿಯೋಕ್, ಸಿಸಾಕ್ ಗುರುತುಗಳೇ ತುಂಬಿದ್ದರೆ ಅವು ಇಂಗ್ಲೆಂಡಿನ ಹೊಲದಲ್ಲಿ ಸಿಕ್ಕವಲ್ಲ, ಬಾಲ್ಕನ್ ಕಡೆಯಿಂದಲೋ ಪೂರ್ವದಿಂದಲೋ ಬಂದವು. ಆಗ ವ್ಯಾಪಾರಿಯನ್ನು ಎಲ್ಲಿಂದ ತರಿಸಿದ್ದು ಎಂದು ಕೇಳಿ, ಬಿಲ್ ತೆಗೆದಿಟ್ಟುಕೊಳ್ಳಿ. ಕದ್ದು ಅಗೆದ ನಾಣ್ಯಗಳ ವ್ಯವಹಾರ ಆ ಕಡೆ ದೊಡ್ಡದಿದೆ. ಮೂಲ ಹೇಳಲಾಗದ ವ್ಯಾಪಾರಿಯ ಹತ್ತಿರ ಇನ್ನೊಮ್ಮೆ ಕೊಳ್ಳದಿರುವುದು ಒಳ್ಳೆಯದು.

ಇನ್ನು ತೊಳೆಯುವ ಮಾತು. ಸಾವಿರಾರು ವರ್ಷ ಮಣ್ಣಿನಲ್ಲಿದ್ದ ಕಂಚಿನಲ್ಲಿ ಚಿತ್ರ ಉಳಿದಿರುವುದು ಒಳಗಿನ ಲೋಹದಲ್ಲಿ ಅಲ್ಲ, ಮೇಲಿನ ಗಟ್ಟಿ ಹಸಿರು ಅಥವಾ ಕಂದು ಪದರದಲ್ಲಿ. ಆ ಪದರವೇ ನಾಣ್ಯದ ಮೂಲ ಮೈ. ಹುಣಸೆಯ ಆಮ್ಲ ಅದನ್ನೇ ಮೊದಲು ಕರಗಿಸುತ್ತದೆ. ತಳದಿಂದ ಎದ್ದು ಬರುವುದು ಗುಂಡಿ ಬಿದ್ದ ಗುಲಾಬಿ ಬಣ್ಣದ ತಾಮ್ರ. ಸೈನಿಕರ ಮುಖ, ಅಕ್ಷರ ಎರಡೂ ನೀರಿನ ಜೊತೆ ಹೋಗಿರುತ್ತವೆ. ಮನೆಯ ಹಿತ್ತಾಳೆ ತಂಬಿಗೆಗೆ ಸರಿಯಾದದ್ದು ಇದಕ್ಕೆ ಸರಿಯಲ್ಲ. 4ನೇ ಶತಮಾನದ ಮೊದಲರ್ಧದ ಎಷ್ಟೋ ನಾಣ್ಯಗಳಿಗೆ ತೆಳು ಬೆಳ್ಳಿ ಪೊರೆಯೂ ಇತ್ತು. ಅದರ ಚೂರು ಉಳಿದಿದ್ದರೆ ಆಮ್ಲದಲ್ಲಿ ಅದೂ ಕಿತ್ತುಬರುತ್ತದೆ.

ಮಣ್ಣು ಮೆತ್ತಿದ ನಾಣ್ಯವನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ. ಪ್ರತಿಯೊಂದಕ್ಕೂ ಬೇರೆ ಲೋಟ ಇರಲಿ, ಒಂದರ ಲವಣ ಇನ್ನೊಂದಕ್ಕೆ ಅಂಟಬಾರದು. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಮೆತ್ತನೆ ಟೂತ್‌ಬ್ರಷ್‌ನಿಂದ ಹಗುರವಾಗಿ ಉಜ್ಜಿ. ಉಳಿದ ಮಣ್ಣನ್ನು ಭೂತಗನ್ನಡಿಯ ಕೆಳಗೆ, ನೆನೆಸಿದ ಬಿದಿರು ಕಡ್ಡಿಯಿಂದ ಬಿಡಿಸಿ. ವಾರಗಳೇ ಹಿಡಿಯಬಹುದು. ಆಲಿವ್ ಎಣ್ಣೆಯಲ್ಲಿ ತಿಂಗಳುಗಟ್ಟಲೆ ಇಡುವ ರೂಢಿ ಹಲವು ಕಡೆ ಇದೆ, ನಾನು ಅದನ್ನು ಸಲಹೆ ಮಾಡುವುದಿಲ್ಲ. ಎಣ್ಣೆಯಲ್ಲಿನ ಕೊಬ್ಬಿನಾಮ್ಲಗಳು ನಿಧಾನವಾಗಿ ತಾಮ್ರವನ್ನು ಕರಗಿಸುತ್ತವೆ, ಆಮೇಲೆ ಎಣ್ಣೆಯ ಜಿಡ್ಡು ತೆಗೆಯುವುದೂ ಕಷ್ಟ.

ತಿಳಿಹಸಿರು ಪುಡಿ ಕಿಲುಬು ಮಾತ್ರವೇ, ಅಥವಾ ಕಂಚಿನ ರೋಗವೇ ಎಂದು ಮೊದಲು ತಿಳಿದುಕೊಳ್ಳಬೇಕು. ಬಿದಿರು ಕಡ್ಡಿಯಿಂದ ಮೀಟಿ. ಗಟ್ಟಿಯಾಗಿ, ನುಣ್ಣಗೆ, ಕಡು ಹಸಿರಾಗಿದ್ದರೆ ಹಾನಿಯಿಲ್ಲ, ಬಿಟ್ಟುಬಿಡಿ. ಮಾಸಲು ತಿಳಿಹಸಿರಾಗಿ, ಪುಡಿಪುಡಿಯಾಗಿ ಉದುರಿ, ಕೆಳಗೆ ಗುಂಡಿ ಕಂಡರೆ ರೋಗವೇ. ಅನುಮಾನವಿದ್ದರೆ ನಾಣ್ಯವನ್ನು ಒದ್ದೆ ಹತ್ತಿಯ ಜೊತೆ, ಆದರೆ ತಾಗದಂತೆ, ಮುಚ್ಚಿದ ಡಬ್ಬಿಯಲ್ಲಿ ಒಂದು ದಿನ ಇಡಿ. ರೋಗವಿದ್ದರೆ ಹೊಸ ಪುಡಿ ಉಬ್ಬುತ್ತದೆ. ಲೋಹದೊಳಗೆ ಸೇರಿದ ಕ್ಲೋರೈಡ್ ಗಾಳಿಯ ತೇವದ ಜೊತೆ ಸೇರಿ ಆಮ್ಲವಾಗುತ್ತದೆ, ಆಮ್ಲ ತಾಮ್ರವನ್ನು ತಿಂದು ಮತ್ತೆ ಕ್ಲೋರೈಡ್ ಆಗುತ್ತದೆ. ಹೊರಗಿನಿಂದ ಹೊಸ ಕ್ಲೋರೈಡ್ ಸೇರದಿದ್ದರೂ, ಗಾಳಿ ಮತ್ತು ತೇವ ಇರುವ ತನಕ ಇದು ನಡೆದೇ ಇರುತ್ತದೆ.

ಪುಡಿಯನ್ನು ಸೂಜಿಯಿಂದ ಕೆರೆದು ಪೂರ್ತಿ ತೆಗೆಯಿರಿ. ಆಮೇಲೆ 1 ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ಹರಳಲ್ಲದ, ಒಣ ಪುಡಿಯ ವಾಷಿಂಗ್ ಸೋಡಾ 24 ಗ್ರಾಂ, ಅಡುಗೆ ಸೋಡಾ 19 ಗ್ರಾಂ ಕರಗಿಸಿ. ಇದು ಸೋಡಿಯಂ ಸೆಸ್ಕ್ವಿಕಾರ್ಬನೇಟ್‌ನ ಶೇ 5ರ ದ್ರಾವಣ. ವಾಷಿಂಗ್ ಸೋಡಾ ಹರಳಾಗಿದ್ದರೆ ಅದರಲ್ಲಿ ನೀರಿನ ಪಾಲು ಹೆಚ್ಚು, ಆಗ 63 ಗ್ರಾಂ ಬೇಕು. ಈ ಒಂದು ವ್ಯತ್ಯಾಸ ಗಮನಿಸದೆ ತೀರಾ ತೆಳು ದ್ರಾವಣ ಮಾಡಿಕೊಳ್ಳುವವರು ಬಹಳ. ನಾಣ್ಯವನ್ನು ಇದರಲ್ಲಿ ಮುಳುಗಿಸಿ ವಾರಕ್ಕೊಮ್ಮೆ ದ್ರಾವಣ ಬದಲಿಸಿ, ಕೆಲವು ವಾರ ಮುಂದುವರಿಸಿ. ದ್ರಾವಣ ನೀಲಿಯಾದರೆ ತಾಮ್ರವೂ ಸ್ವಲ್ಪ ಕರಗುತ್ತಿದೆ ಎಂದರ್ಥ. ಹಸಿರು ಪದರದ ಬಣ್ಣ ಬದಲಾಗುವ ಅಪಾಯವೂ ಇದೆ. ಹಾಗಾಗಿ ಆರೋಗ್ಯವಾಗಿರುವ ನಾಣ್ಯಕ್ಕೆ ಇದನ್ನು ಮಾಡಬೇಡಿ. ಮುಗಿದ ಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಹಲವು ದಿನ ನೆನೆಸಿ, ಅಸಿಟೋನ್‌ನಲ್ಲಿ ಅದ್ದಿ ತೇವ ತೆಗೆದು, ಒಣಗಿಸಿ, ಸಂಗ್ರಹಾಲಯಗಳಲ್ಲಿ ಬಳಸುವ ಮೈಕ್ರೋಕ್ರಿಸ್ಟಲೈನ್ ಮೇಣ ತೆಳುವಾಗಿ ಹಚ್ಚಿ. ಅಸಿಟೋನ್ ಬಳಸುವಾಗ ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ, ಮಗಳಿಗೆ ಈ ಹಂತ ಬೇಡ.

ಕರ್ನಾಟಕದ ಪ್ರಶ್ನೆಗೆ ಬಂದರೆ, ನಮ್ಮಲ್ಲಿನ ಹೆಸರಾಂತ ಪತ್ತೆಗಳು ಈ ಜಾತಿಯವಲ್ಲ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕ ನಿಧಿ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ನಾಣ್ಯಗಳು, ಹೆಚ್ಚಾಗಿ 1ನೇ ಶತಮಾನದ ಆಸುಪಾಸಿನ ದಿನಾರಿ ಎಂಬ ಬೆಳ್ಳಿ ನಾಣ್ಯ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ನಿಧಿ ಅದಕ್ಕಿಂತ ಬಹಳ ಈಚಿನ, ಚಿನ್ನದ ನಾಣ್ಯಗಳದು. ಭಾರತದಲ್ಲಿ ಅತಿ ಹೆಚ್ಚು ಸಿಕ್ಕಿರುವ ದಿನಾರಿಗಳು ಎರಡು ಬಗೆಯವು. ಆಗಸ್ಟಸ್‌ನ ಮೊಮ್ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್ ಗುರಾಣಿಗಳೊಡನೆ ನಿಂತದ್ದು ಒಂದು, ಟೈಬೀರಿಯಸ್‌ನ ಕಾಲದ, ಕುರ್ಚಿಯಲ್ಲಿ ಕೂತ ಹೆಣ್ಣಿನದು ಇನ್ನೊಂದು. ಮೆಣಸು, ಬಟ್ಟೆ, ಮಣಿಗಳ ವ್ಯಾಪಾರಕ್ಕೆ ಬಂದ ಈ ನಾಣ್ಯಗಳನ್ನು ಇಲ್ಲಿ ಬೆಳ್ಳಿಯ ತೂಕಕ್ಕೆ ತೆಗೆದುಕೊಳ್ಳುತ್ತಿದ್ದರು. ಕಂಚಿಗೆ ಆ ಬೆಲೆ ಇರಲಿಲ್ಲ, ಅದರ ಬೆಲೆ ನಿಂತಿದ್ದು ಅಚ್ಚು ಹಾಕಿದ ಸರ್ಕಾರದ ಮಾತಿನ ಮೇಲೆ.

ನಿಮ್ಮಲ್ಲಿರುವಂಥ ಸಣ್ಣ ಕಂಚುಗಳು ಭಾರತದಲ್ಲಿ ಸಿಗುವುದು ಹೆಚ್ಚಾಗಿ ತಮಿಳುನಾಡಿನಲ್ಲಿ. ಕರೂರಿನ ಅಮರಾವತಿ ನದಿಯ ಮರಳು, ಮದುರೈ ಸುತ್ತಮುತ್ತ ಅವು ಸಿಗುವ ಜಾಗಗಳು. ಶ್ರೀಲಂಕಾದಲ್ಲಂತೂ ಸಾವಿರಗಟ್ಟಲೆ. ಅಲ್ಲಿ ಅವು ಸಂತೆಯ ಚಿಲ್ಲರೆಯಾಗಿ ಚಲಾವಣೆಯಾದವು, ಸಾಲದೇ ಬಂದಾಗ ಬ್ರಿಟನ್ನಿನವರಂತೆಯೇ ಲಂಕೆಯವರೂ ಅವನ್ನು ನೋಡಿ ತಮ್ಮದೇ ಅನುಕರಣೆಗಳನ್ನು ಹೊರಡಿಸಿದರು. ಮುಂದೆ ಊರಿಗೆ ಬಂದಾಗ ಚೆನ್ನೈಗೆ ಹೋಗುವುದಿದ್ದರೆ ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯದ ನಾಣ್ಯ ವಿಭಾಗವನ್ನು ಮಗಳಿಗೆ ತೋರಿಸಿ. ಅಲ್ಲಿಯವರೆಗೆ ನಿಮ್ಮ ನಾಣ್ಯಗಳನ್ನು ಪಿವಿಸಿ ಇಲ್ಲದ ಕವರಿನಲ್ಲಿ, ಒಂದೊಂದಕ್ಕೂ ತೂಕ, ಅಗಲ, ಧ್ವಜದ ಸಂಖ್ಯೆ, ಟಂಕಸಾಲೆ ಬರೆದ ಚೀಟಿ ಇಟ್ಟು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಡಬ್ಬಿಯೊಳಗಿನ ತೇವ ಶೇ 40ರ ಕೆಳಗಿರಲಿ, ಜೆಲ್ ಬಣ್ಣ ಬದಲಾದರೆ ಓವನ್‌ನಲ್ಲಿ ಒಣಗಿಸಿ ಮತ್ತೆ ಹಾಕಿ. ಚಿಕಿತ್ಸೆ ಮಾಡಿದ ನಾಣ್ಯವನ್ನು ವರ್ಷಪೂರ್ತಿ ಬೇರೆ ಡಬ್ಬಿಯಲ್ಲೇ ಇಟ್ಟು ತಿಂಗಳಿಗೊಮ್ಮೆ ನೋಡುತ್ತಿರಿ.